ನೀಲತ್ತಿಯ ಮಸಾರಿ ಹೊಲ

ಮೊನ್ನೆ ಸಂಜೆ ಕೊಪ್ಪಳದ ನಮ್ಮ ಓಣಿಯಲ್ಲಿ ಹಾಲು ತರಲು ಹೊರಟಿದ್ದೆ. ಯಾರದೋ ಅಡುಗೆಮನೆಯ ಕಿಟಕಿಯಿಂದ ಪುಂಡಿಸೊಪ್ಪು ಎಣ್ಣೆಯಲ್ಲಿ ಬಾಡುವ ವಾಸನೆ ಬಂತು. ಬರೀ ಪುಂಡಿಪಲ್ಯದ ವಾಸನೆಯಾಗಿದ್ದರೆ ನಾನು ನಿಲ್ಲುತ್ತಿರಲಿಲ್ಲ. ಅದು ನಮ್ಮ ಸೀಮೆಯ ದಿನದ ಅಡುಗೆ. ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಯ ಮೇಲೆ ಹಾಕಿಕೊಂಡು ತಿನ್ನುವಂಥದ್ದು. ಇದು ಬೇರೆ. ಇದರಲ್ಲಿ ಹುರಿದ ಮೆಂತ್ಯದ ಕಹಿ ಇತ್ತು, ಒಣಮೆಣಸಿನಕಾಯಿಯ ಘಾಟು ಇತ್ತು. ಜಾಡಿಯಲ್ಲಿ ತುಂಬಿಟ್ಟು ವರ್ಷಗಟ್ಟಲೆ ತಿನ್ನುವ ತೆಲುಗರ ಉಪ್ಪಿನಕಾಯಿಯ ವಾಸನೆ ಅದು. ಪಾತ್ರೆ ಹಿಡಿದುಕೊಂಡು ದಾರಿಯ ನಡುವೆಯೇ ನಿಂತುಬಿಟ್ಟೆ. ಆ ವಾಸನೆಯ ಬೆನ್ನಿಗೆ ರಮಣಮ್ಮ ಬಂದಳು, ರಮಣಮ್ಮನ ಬೆನ್ನಿಗೆ ನಮ್ಮ ನೀಲತ್ತಿ ಬಂದಳು, ಆಮೇಲೆ ಮನೆ ಬಂತು, ಊರು ಬಂತು. ಹಾಲಿನವನು ಎರಡು ಸಲ ಕೂಗಿದನಂತೆ, ನನಗೆ ಕೇಳಿಸಲಿಲ್ಲ. ನಿಮಗೂ ಹೀಗಾಗಿರಬೇಕು. ಹುಟ್ಟಿದ ಮನೆ ಕೈಬಿಟ್ಟು ಹೋದವರಿಗೆಲ್ಲ ಹೀಗೆ ಬೀದಿಯಲ್ಲಿ ನಿಲ್ಲುವ ಒಂದು ಗಳಿಗೆ ಬಂದೇ ಬರುತ್ತದೆ.

ನಮ್ಮೂರು ಗಂಗಾವತಿ ಸೀಮೆಯದು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ದನದ ಅಂಕಣ, ಮೇಲೆ ಹತ್ತಿದರೆ ಪಡಸಾಲೆ, ಒಳಗೆ ಹೋದಷ್ಟೂ ಕತ್ತಲು ಮತ್ತು ತಂಪು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ಇಳಿದು ನಡುಮನೆಯಲ್ಲಿ ಮೆಲ್ಲಗೆ ಸರಿಯುತ್ತಿತ್ತು. ಅಜ್ಜ ಊರಿನ ಹಿರಿಯರಲ್ಲೊಬ್ಬ; ಮಾತು ಕಡಿಮೆ. ಅಪ್ಪ, ಅವ್ವ, ಬಸಣ್ಣ ಕಾಕಾ, ಕಾಕಾನ ಹೆಂಡತಿ, ನಾವು ಮಕ್ಕಳು, ಇಷ್ಟೂ ಜನರ ನಡುವೆ ಸದ್ದಿಲ್ಲದೆ ಓಡಾಡುತ್ತಿದ್ದವಳು ನೀಲತ್ತಿ. ಆಕೆ ಅಪ್ಪನ ತಂಗಿ, ಕಾಕಾನಿಗೆ ಅಕ್ಕ. ಮದುವೆಯಾಗಿ ಮೂರು ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಬರಿಗೈಯಲ್ಲಿ ತವರಿಗೆ ಬಂದಿದ್ದಳು. ಮಕ್ಕಳಿರಲಿಲ್ಲ. ಅಜ್ಜ ಉಡಿಕಿ ಮಾಡಿ ಇನ್ನೊಬ್ಬನಿಗೆ ಮದುವೆ ಮಾಡಿ ಕೊಡುತ್ತೇನೆಂದಾಗ ಆಕೆ ಒಲ್ಲೆನೆಂದಳಂತೆ. ಆಗ ಅಜ್ಜ ಊರಿನ ಮೇಲುಗಡೆ ಇದ್ದ ಮಸಾರಿ ಹೊಲವನ್ನು, ಕೆಂಪು ಮಣ್ಣಿನ ಸಣ್ಣ ತುಂಡನ್ನು, ಊರ ಹಿರಿಯರಾದ ದೈವದವರ ಮುಂದೆ ಆಕೆಯ ಹೊಟ್ಟೆಪಾಡಿಗೆಂದು ಬಿಟ್ಟುಕೊಟ್ಟ. ಅದರಲ್ಲಿ ಹುರುಳಿ, ಸಜ್ಜೆ ಬೆಳೆಯುತ್ತಿತ್ತು. ನನ್ನನ್ನು ಎತ್ತಿ ಆಡಿಸಿದವಳು ನೀಲತ್ತಿಯೇ. ಅವ್ವನ ಮೈವಾಸನೆಗಿಂತ ಆಕೆಯ ಸೆರಗಿನ ವಾಸನೆಯೇ, ಹೊಗೆ, ಹುರುಳಿ, ವಿಭೂತಿ ಕೂಡಿದ ಆ ವಾಸನೆಯೇ, ನನಗೆ ಹೆಚ್ಚು ನೆನಪಿದೆ.

ಊರಿನಲ್ಲಿ ಯಾರು ಎಲ್ಲಿರಬೇಕೆಂಬುದು ನಾವು ಹುಟ್ಟುವ ಮೊದಲೇ ಗೊತ್ತಾಗಿಹೋಗಿತ್ತು. ನಡುವೆ ಮಠ, ಮಠದ ಸುತ್ತ ನಮ್ಮವರ ಮನೆಗಳು. ಕೆರೆಯ ಕಡೆ ಕುರುಬರ ಓಣಿ, ಗುಡ್ಡದ ಬುಡದಲ್ಲಿ ನಾಯಕರ ಓಣಿ, ಅಗಸಿ ಬಾಗಿಲ ಹತ್ತಿರ ಮುಲ್ಲಾರ ಮತ್ತು ಪಿಂಜಾರರ ನಾಲ್ಕು ಮನೆ, ಅಲ್ಲೊಂದು ಇಲ್ಲೊಂದು ಕಂಬಾರರದು, ಬಡಿಗೇರರದು, ಹಡಪದವರದು. ಹಳ್ಳದಾಚೆ ಕೇರಿ. ಓಣಿ ಬೇರೆಯಾದರೂ ಕಾಕಾ, ಚಿಗವ್ವ, ಮಾವ ಎಂದು ಕರೆಯುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಅದೇ ಊರಿನಲ್ಲಿ ಕೇರಿಯ ಹೆಂಗಸರು ನಮ್ಮ ಸೀನೀರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹಾಕಲಿ ಎಂದು ಬಿಸಿಲಲ್ಲಿ ಕಾಯುತ್ತ ನಿಂತಿರುತ್ತಿದ್ದರು. ಅದನ್ನು ನೋಡುತ್ತ ಬೆಳೆದ ನಮಗೆ ಅದು ಬಾವಿಯ ಕಟ್ಟೆಯಷ್ಟೇ ಸಹಜವಾಗಿ ಕಾಣುತ್ತಿತ್ತು. ಸತ್ತ ಮೇಲೂ ಹಾಗೆಯೇ. ಬದುಕಿದ್ದವರಿಗೆ ಓಣಿ ಇದ್ದಂತೆ ಸತ್ತವರಿಗೂ ಇತ್ತು. ನಮ್ಮವರದು ಕಳ್ಳಿಬೇಲಿಯ ಒಳಗೆ, ಕುರುಬರದು ಕೆರೆಯ ಹಿಂದೆ, ಮುಲ್ಲಾರದು ಹುಣಸೆಮರದ ಕೆಳಗೆ, ಕೇರಿಯವರದು ಹಳ್ಳದ ದಂಡೆಗೆ.

ಹೊಳೆಗೆ ಕಟ್ಟಿದ ಅಣೆಕಟ್ಟೆಯ ಕಾಲುವೆ ನಮ್ಮೂರ ಕೆಳಗಿನ ಕಪ್ಪುಮಣ್ಣಿನ ಎರಿಹೊಲಗಳಿಗೆ ಬಂದಾಗ ನಾನಿನ್ನೂ ಸಾಲಿಗೆ ಹೋಗುತ್ತಿರಲಿಲ್ಲ. ಕಾಲುವೆಯ ಹಿಂದೆಯೇ ತೆಲುಗರು ಬಂದರು. ಜಾಲಿಮುಳ್ಳು ಬೆಳೆದ ನೆಲವನ್ನು ಕೊಂಡು, ಕಡಿದು, ಸಮ ಮಾಡಿ ನೆಲ್ಲು ಹಚ್ಚಿದರು. ಕಾಲುವೆಯ ಬದಿಗೆ ಗುಡಿಸಲು ಎದ್ದವು. ಊರವರು ಅದನ್ನು ಕ್ಯಾಂಪು ಎಂದರು. ಜೋಳದ ಹಳದಿ ಬಿಟ್ಟರೆ ಬೇರೆ ಬಣ್ಣ ಕಾಣದಿದ್ದ ನಮ್ಮ ಕಣ್ಣಿಗೆ ಆ ಹಸಿರು ಎಷ್ಟು ವಿಚಿತ್ರವಾಗಿತ್ತೆಂದರೆ, ಮುದುಕರು ಸಂಜೆ ಹೊತ್ತು ಗುಡ್ಡ ಹತ್ತಿ ಕುಳಿತು ಅದನ್ನೇ ನೋಡುತ್ತಿದ್ದರು. ಆದರೆ ಕ್ಯಾಂಪಿನಲ್ಲಿ ತೋಡಿದ ಬಾವಿಯಲ್ಲಿ ಸವಳು ನೀರು ಬಂತು. ಹಾಗಾಗಿ ಒಂದು ಮುಂಜಾನೆ ರಮಣಮ್ಮ ಹಿತ್ತಾಳೆ ಬಿಂದಿಗೆ ಹೊತ್ತು, ಸೊಂಟದಲ್ಲಿ ಒಂದು ಹೆಣ್ಣುಕೂಸನ್ನು ಇಟ್ಟುಕೊಂಡು ನಮ್ಮ ಬಾವಿಗೆ ಬಂದಳು. ಸೀರೆ ಉಟ್ಟ ರೀತಿ ಬೇರೆ, ಮುಖಕ್ಕೆ ಅರಿಶಿನ, ಮಾತು ಮೊದಲೇ ಬೇರೆ.

"ಯಾವ ಮಂದೀವಾ ನೀವು?" ಎಂದು ಜಾತಿ ಕೇಳಿದರು ಬಾವಿಯ ಹೆಂಗಸರು.

ಆಕೆಗೆ ಅರ್ಥವಾಗಲಿಲ್ಲ. "ನೀಳ್ಳು ಅಮ್ಮಾ, ನೀರು," ಎಂದು ಬಿಂದಿಗೆ ತೋರಿಸಿದಳು. ಮತ್ತೆ ಕೇಳಿದರು, ಮತ್ತೆ ಆಕೆ ಬಿಂದಿಗೆ ತೋರಿಸಿದಳು. ಯಾರೆಂದು ಗೊತ್ತಿಲ್ಲದವಳಿಗೆ ಹಗ್ಗ ಕೊಡುವುದು ಹೇಗೆ? ಹಾಗೆಂದು ಕೇರಿಯವರ ಜೊತೆ ನಿಲ್ಲು ಎನ್ನುವುದೂ ಹೇಗೆ? ನೀಲತ್ತಿ ತನ್ನ ಕೊಡ ತುಂಬಿಸುತ್ತಿದ್ದವಳು ಅದೇ ನೀರನ್ನು ಎತ್ತಿ ಆಕೆಯ ಬಿಂದಿಗೆಗೆ ಸುರಿದಳು. ಕೂಸು ನೀರಿನ ಸದ್ದಿಗೆ ಕೇಕೆ ಹಾಕಿತು. ನೀಲತ್ತಿ ನಕ್ಕಳು. ಆಕೆ ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅಲ್ಲಿಂದ ಅವರಿಬ್ಬರ ಗೆಳೆತನ ಶುರುವಾಯಿತು. ರಮಣಮ್ಮ ನಮ್ಮ ಬಾಯಲ್ಲಿ ರಮಣವ್ವ ಆದಳು. ನೀಲತ್ತಿ ಆಕೆಗೆ ನೀಲಕ್ಕ ಆದಳು. ಮಧ್ಯಾಹ್ನ ಗಂಡಸರೆಲ್ಲ ಹೊಲಕ್ಕೆ ಹೋದ ಮೇಲೆ ಆಕೆ ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಮೀನು ತಿನ್ನುವವಳೆಂದು ಅವ್ವ ಆಕೆಯನ್ನು ಒಳಗೆ ಕರೆಯುತ್ತಿರಲಿಲ್ಲ. ಹಿತ್ತಲ ಕಟ್ಟೆಯೇ ಅವರ ಪಡಸಾಲೆ. ಒಬ್ಬಳದು ಅರ್ಧ ಕನ್ನಡ, ಒಬ್ಬಳದು ಕಾಲು ತೆಲುಗು. ರಮಣಮ್ಮ ತಂದುಕೊಟ್ಟ ಉಪ್ಪಿನಕಾಯಿಯ ಪುಂಡಿಸೊಪ್ಪನ್ನು ಅವರಲ್ಲಿ ಗೋಂಗೂರ ಅನ್ನುತ್ತಾರೆಂದು ಗೊತ್ತಾದ ದಿನ ನೀಲತ್ತಿ ಮನೆಯೆಲ್ಲ ಹೇಳಿಕೊಂಡು ಬಂದಳು. ಕೂಸಿನ ಹೆಸರು ಏನಿತ್ತೋ, ಎಲ್ಲರೂ ಚಿಟ್ಟಿ ಎನ್ನುತ್ತಿದ್ದರು. ನಾನು ಸಾಲಿ ಸೇರುವ ಹೊತ್ತಿಗೆ ಚಿಟ್ಟಿ ಓಡಾಡುತ್ತಿದ್ದಳು, ಮುಂದೆ ಒಂದೆರಡು ವರ್ಷಕ್ಕೆ ನನ್ನ ಜೊತೆಗಾತಿಯೇ ಆದಳು. ನನ್ನನ್ನು "ಸಂಗೀ" ಎಂದು ರಾಗ ಎಳೆದು ಕರೆಯುತ್ತಿದ್ದಳು. ನಮ್ಮ ಮಾತು, ಅವರ ಮಾತು ಕಲಸಿ ಆಡುತ್ತಿದ್ದಳು. ಅವಳು ಹೇಳಿದ್ದು ಅವಳ ತಾಯಿಗೂ ಅರ್ಥವಾಗುತ್ತಿತ್ತು, ನಮ್ಮ ಅಜ್ಜನಿಗೂ ಅರ್ಥವಾಗುತ್ತಿತ್ತು. ಎರಡೂ ಕಡೆ ಬೇಕಾದವಳು ಇಡೀ ಊರಿನಲ್ಲಿ ಅವಳೊಬ್ಬಳೇ ಇದ್ದಳು.

ಅದೊಂದು ಮಳೆಗಾಲ ಚಿಟ್ಟಿಗೆ ಜ್ವರ ಬಂತು. ಎರಡು ದಿನ ಮನೆಮದ್ದು ಮಾಡಿದರು. ಮೂರನೆಯ ದಿನ ಮೈ ಸೆಟೆಯತೊಡಗಿದಾಗ ಗಾಡಿ ಕಟ್ಟಿಕೊಂಡು ಗಂಗಾವತಿಯ ದವಾಖಾನೆಗೆ ಹೋದರು. ಮಾರನೆಯ ದಿನ ಮಧ್ಯಾಹ್ನ ಗಾಡಿ ವಾಪಸ್ಸು ಬಂತು. ರಮಣಮ್ಮ ಗಾಡಿಯಿಂದ ಇಳಿಯಲಿಲ್ಲ. ಆಕೆಯ ಗಂಡ ಸುಬ್ಬಯ್ಯ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಮಗುವನ್ನು ಎದೆಗೆ ಒತ್ತಿಕೊಂಡು ಚಾವಡಿಯ ಮುಂದೆ ಬಂದು ನಿಂತ. ಅವರಲ್ಲಿ ದೊಡ್ಡವರನ್ನು ಸುಡುತ್ತಾರೆ, ಸಣ್ಣ ಮಕ್ಕಳನ್ನು ಹೂಳುತ್ತಾರೆ. ಹೂಳಲು ಕ್ಯಾಂಪಿನಲ್ಲಿ ನೆಲವಿರಲಿಲ್ಲ. ನಾಟಿ ಮಾಡಿದ ಗದ್ದೆಗಳಲ್ಲೆಲ್ಲ ನೀರು, ಬದುವೂ ಕೆಸರು, ಗುದ್ದಲಿ ಹಾಕಿದಲ್ಲೆಲ್ಲ ನೀರು ಉಕ್ಕುತ್ತಿತ್ತು. ಊರವರ ಜಾಗದಲ್ಲಿ ಮೂರು ಗೇಣು ನೆಲ ಕೇಳಲು ಬಂದಿದ್ದ.

ದೈವ ಕೂಡಿತು. ಅಜ್ಜನೂ ಇದ್ದ. ಯಾರೂ ಕಲ್ಲುಮನಸ್ಸಿನವರಲ್ಲ, ಇಬ್ಬರು ಮೂವರು ಕಣ್ಣು ಒರೆಸಿಕೊಂಡದ್ದನ್ನು ನಾನೇ ಕಂಡೆ. ಆದರೆ ಒಬ್ಬೊಬ್ಬರಿಗೂ ಒಂದೊಂದು ಕಾರಣವಿತ್ತು.

"ನಿಮ್ಮದು ಯಾವ ಮಂದೀರಿ?" ಎಂದರು ಒಬ್ಬ ಹಿರಿಯರು.

"ರೈತ್ರು ಸ್ವಾಮಿ."

"ರೈತ್ರು ಖರೆ. ಮಂದಿ ಯಾವುದು? ನಮ್ಮ ಜಾಗಾದಾಗ ನಮ್ಮ ಹಿರ್ಯಾರು ಅದಾರ. ತಪ್ಪು ತಿಳೀಬ್ಯಾಡ್ರಿ. ಇವತ್ತ ಒಬ್ಬರಿಗೆ ಹೂಂ ಅಂದ್ರ ನಾಳೆ ಎಲ್ಲಾರೂ ಕೇಳ್ತಾರ."

ಕುರುಬರ ಹಿರಿಯ ತಮ್ಮಲ್ಲಿ ಜಾಗವೇ ಸಾಲದೆಂದ. ನಾಯಕರ ಹಿರಿಯ ದೇವರ ಹೇಳಿಕೆ ಕೇಳಬೇಕೆಂದ. ಕೇರಿಯವರನ್ನು ಯಾರೂ ಕೇಳಲಿಲ್ಲ, ಸುಬ್ಬಯ್ಯನಿಗೂ ಕೇಳಲು ತೋಚಲಿಲ್ಲ. ಮಾತು ಹಾಗೇ ಸುತ್ತಿ ಸುತ್ತಿ ಬರುತ್ತಿತ್ತು. ಬಿಸಿಲು ಇಳಿಯುತ್ತಿತ್ತು. ಸುಬ್ಬಯ್ಯ ಆ ಕೈಯಿಂದ ಈ ಕೈಗೆ ಮಗುವನ್ನು ಬದಲಿಸಿದ್ದನ್ನು ನೋಡಿದೆ. ನಿದ್ದೆಹೋದ ಮಗುವನ್ನು ಬದಲಿಸುವ ಹಾಗೆಯೇ, ತಲೆಗೆ ಅಂಗೈ ಕೊಟ್ಟು.

ಆಗ ನೀಲತ್ತಿ ಬಂದಳು. ನಾನು ಓಡಿಹೋಗಿ ಆಕೆಯ ಸೆರಗು ಹಿಡಿದುಕೊಂಡೆ. ನಮ್ಮ ಮನೆಯ ಹೆಂಗಸರು ಚಾವಡಿಯ ಮುಂದೆ ತಲೆತಗ್ಗಿಸಿ ಬೇಗ ದಾಟುತ್ತಿದ್ದರೇ ಹೊರತು ಅಲ್ಲಿ ನಿಂತವರಿಲ್ಲ. ಆಕೆ ನಡುವೆ ಬಂದು ನಿಂತಳು. ಸೆರಗು ತಲೆಯ ಮೇಲಿತ್ತು.

"ಅಪ್ಪಾ, ನನ್ನ ಪಾಲಿನ ಮಸಾರಿ ಹೊಲ ಐತಲ್ಲ, ಅದರಾಗ ಇಡ್ರಿ."

"ಅಕ್ಕಾ, ಮನಿಗೆ ನಡಿ ನೀ," ಎಂದು ಬಸಣ್ಣ ಕಾಕಾ ಎದ್ದ.

ಆಕೆ ಕಾಕಾನನ್ನು ನೋಡಲಿಲ್ಲ. "ಆ ಹೊಲ ನನಗ ಕೊಟ್ಟದ್ದು ಖರೆನೋ ಸುಳ್ಳೋ, ಅಷ್ಟ ಹೇಳಪ್ಪ."

ಸ್ವಲ್ಪ ಹೊತ್ತಿನ ಹಿಂದೆ ಅಜ್ಜನೂ ಎಲ್ಲರಂತೆ ಆಗದೆಂದು ತಲೆಯಾಡಿಸಿದ್ದವನೇ. ಈಗ ಪಕ್ಕದಲ್ಲಿಟ್ಟಿದ್ದ ರುಮಾಲು ತೆಗೆದು ತಲೆಗೆ ಸುತ್ತಿಕೊಂಡು ಎದ್ದ. "ಖರೆ ಐತಿ," ಎಂದ. "ಆಕಿ ಹೊಲ, ಆಕಿ ಮಾತು. ಯಾರರ ಸಲಿಕಿ ತರ್ರಿ." ಹೀಗೆಂದು ಯಾರ ಮುಖವನ್ನೂ ನೋಡದೆ ಮಸಾರಿ ಹೊಲದ ದಾರಿ ಹಿಡಿದ. ಹಿಂದೆ ಸುಬ್ಬಯ್ಯ, ಅವನ ಹಿಂದೆ ನೀಲತ್ತಿಯ ತೋಳಿಗೆ ಜೋತುಬಿದ್ದ ರಮಣಮ್ಮ, ಕ್ಯಾಂಪಿನ ಒಂದಿಷ್ಟು ಜನ. ಕೇರಿಯ ಹುಲಿಗೆಪ್ಪ ಸಲಿಕೆ ತಂದು ಬೇವಿನಮರದ ಕೆಳಗೆ ಕುಣಿ ತೋಡಿದ. ಅಜ್ಜನೇ ಮೊದಲ ಹಿಡಿಮಣ್ಣು ಹಾಕಿದ. ವಾಪಸ್ಸು ಬರುವಾಗ ನಾನು ಕೇಳಿದೆ: "ಅತ್ತೀ, ಇನ್ನ ಚಿಟ್ಟಿ ನಮ್ಮೂರಾಕೀನಾ?" ನೀಲತ್ತಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. "ಹೂಂ," ಎಂದಳು, "ಇನ್ನ ನಮ್ಮೂರಾಕಿನ." ನನಗೆ ಸಾವು ಅಂದರೆ ಏನೆಂದು ಇನ್ನೂ ಪೂರ್ತಿ ತಿಳಿದಿರಲಿಲ್ಲ. ಚಿಟ್ಟಿ ಇನ್ನು ಕ್ಯಾಂಪಿಗೆ ಹೋಗದೆ ಇಲ್ಲೇ ಇರುತ್ತಾಳೆಂದು ಒಳಗೊಳಗೇ ಖುಷಿಪಟ್ಟಿದ್ದೆ. ಮರುದಿನ ಅವಳು ಆಡಲು ಬರದಿದ್ದಾಗ ಅತ್ತುಬಿಟ್ಟೆ. ಆ ಅಳು ಎಷ್ಟೋ ದಿನ ನಿಲ್ಲಲಿಲ್ಲ.

ಆ ಹಿರಿಯರು ಹೇಳಿದ ಮಾತು ಒಂದು ರೀತಿಯಲ್ಲಿ ನಿಜವೇ ಆಯಿತು. ಎಲ್ಲರೂ ಕೇಳಿದರು, ಆದರೆ ಕೇಳಿದ್ದು ನೀಲತ್ತಿಯನ್ನು. ಮುಂದಿನ ವರ್ಷ ಕ್ಯಾಂಪಿನ ಇನ್ನೊಂದು ಕೂಸು ಹೋಯಿತು. ಕಾಲುವೆಯ ಹೂಳು ತೆಗೆಯಲು ಪಾಲಮೂರಿನಿಂದ ಬಂದಿದ್ದ ಕೂಲಿಯವರಲ್ಲಿ ಒಬ್ಬಳು ಹೆರಿಗೆಯಲ್ಲಿ ಸತ್ತಾಗ ಅವಳನ್ನೂ ಕೂಸನ್ನೂ ಒಟ್ಟಿಗೆ ತಂದರು. ದೇವಿಯ ಪೆಟ್ಟಿಗೆ ಹೊತ್ತು ಊರೂರು ತಿರುಗುವ ದುರುಗಮುರುಗಿಯವರ ಮುದುಕಿಯೊಬ್ಬಳು ನಮ್ಮೂರ ಅಗಸಿಯಲ್ಲೇ ಕಣ್ಣು ಮುಚ್ಚಿದಳು. ಯಾರು ಬಂದು ಹಿತ್ತಲ ಬಾಗಿಲಲ್ಲಿ ನಿಂತರೂ ನೀಲತ್ತಿ ಯಾವ ಮಂದಿ ಎಂದು ಕೇಳುತ್ತಿರಲಿಲ್ಲ. "ಹುಲಿಗೆಪ್ಪಗ ಹೇಳಿ ಕಳಸ್ರಿ," ಎನ್ನುತ್ತಿದ್ದಳು. ಬೇವಿನಮರದ ಸುತ್ತ ಬಿತ್ತನೆ ನಿಂತಿತು. ನೇಗಿಲು ಹೂಡಿ ಗಳೆ ಹೊಡೆಯುವವರು ಆ ಹೊಲಕ್ಕೆ ಬರಲು ಒಲ್ಲೆವೆಂದರು. ಉಳಿದ ಮೂಲೆಯಲ್ಲಿ ಆಕೆಯೇ ಕುರ್ಪಿ ಹಿಡಿದು ಕೆದಕಿ ಹುರುಳಿ ಚೆಲ್ಲುತ್ತಿದ್ದಳು.

ಹೊಲದಿಂದ ಹೊಟ್ಟೆ ತುಂಬದಾದಾಗ ಆಕೆ ಕ್ಯಾಂಪಿನ ಗದ್ದೆಗಳಿಗೆ ನಾಟಿ ಹಚ್ಚಲು ಕೂಲಿಗೆ ಹೋದಳು. ಮಠದ ಓಣಿಯ ಹೆಣ್ಣುಮಗಳೊಬ್ಬಳು ಸೀರೆ ಮೊಣಕಾಲಿಗೆ ಕಟ್ಟಿ, ಕೇರಿಯ ಹೆಂಗಸರ ಸಾಲಿನಲ್ಲಿ ಬಗ್ಗಿ ನಿಂತದ್ದು, ಮಧ್ಯಾಹ್ನ ಅವರ ಬುತ್ತಿಯ ರೊಟ್ಟಿ ಹಂಚಿಕೊಂಡು ತಿಂದದ್ದು ಊರಿಗೆಲ್ಲ ಸುದ್ದಿಯಾಯಿತು. ಬಸಣ್ಣ ಕಾಕಾ ಆಕೆಯ ಜೊತೆ ಮಾತು ಬಿಟ್ಟ. "ಹೊಲಾ ಹಾಳ ಮಾಡಿದಿ, ಈಗ ಮರ್ಯಾದಿ," ಎಂದದ್ದೇ ಕೊನೆಯ ಮಾತು. ಅವ್ವ ಆಕೆಯ ತಾಟನ್ನು ಬೇರೆ ಇಟ್ಟಳು. ಅಜ್ಜ ಮಾತ್ರ ಸಂಜೆ ಆಕೆ ಬರುವವರೆಗೆ ಉಣ್ಣುತ್ತಿರಲಿಲ್ಲ. ಕೆಸರಿನ ಕಾಲು ತೊಳೆದು ಒಳಗೆ ಬಂದ ಮೇಲೆ, "ಬಂದ್ಯಾ ನೀಲಾ," ಎಂದು ಒಂದು ಮಾತು ಅಂದು ತಾಟಿನ ಮುಂದೆ ಕೂರುತ್ತಿದ್ದ.

ಅಜ್ಜ ಹೋದ ಮೇಲೆ ಮನೆ ಎರಡಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು, ಬೆಳಕಿಂಡಿ ಕಾಕಾನ ಪಾಲಿಗೆ ಹೋಯಿತು. ನೀಲತ್ತಿಗೆ ದನದ ಅಂಕಣದ ಪಕ್ಕದ ಖೋಲಿ ಸಿಕ್ಕಿತು. ನಾನು ಮದುವೆಯಾಗಿ ಕೊಪ್ಪಳಕ್ಕೆ ಬಂದೆ. ಕಾಲುವೆಯ ಕೊನೆಗಿದ್ದ ಸುಬ್ಬಯ್ಯನ ಗದ್ದೆಗೆ ನೀರು ತಲುಪುವುದು ವರ್ಷ ವರ್ಷ ಕಡಿಮೆಯಾಗಿ, ಕೊನೆಗೆ ಅವರು ಅದನ್ನು ಬಿಟ್ಟು ರಾಯಚೂರಿನ ಕಡೆ ಹೊರಟರು. ಹೊರಡುವ ದಿನ ನಾನು ಊರಲ್ಲಿದ್ದೆ. ಇಬ್ಬರೂ ಬೇವಿನಮರದ ಕೆಳಗೆ ಕುಳಿತಿದ್ದರು. ಆ ಹೊತ್ತಿಗೆ ರಮಣಮ್ಮನ ಮಾತು ಪೂರಾ ನಮ್ಮದೇ ಆಗಿತ್ತು.

"ನೀಲಕ್ಕಾ, ಚಿಟ್ಟೀನ ನಿನ್ನ ಹತ್ರ ಬಿಟ್ಟು ಹೊಂಟೀನಿ."

"ಹೋಗಿ ಬಾ ರಮಣವ್ವಾ. ನಾ ಅದೀನಲ್ಲ."

ಆಮೇಲಿನ ವರ್ಷಗಳಲ್ಲಿ ನಾನು ಹೋದಾಗಲೆಲ್ಲ ನೀಲತ್ತಿ ಸ್ವಲ್ಪ ಸ್ವಲ್ಪ ಕುಗ್ಗುತ್ತಿದ್ದಳು. ಕೊನೆಯ ಸಲ ಹೋದಾಗ ನನ್ನ ಕೈ ಹಿಡಿದು ಹೇಳಿದಳು: "ಸಂಗೀ, ನಾ ಹೋದ್ರ ನನ್ನ ಹೊಲದಾಗ ಇಡ್ರಿ. ಆ ಕೂಸುಗಳ ಹತ್ರ ಮನ್ಯಾನವರು ದೊಡ್ಡವರು ಯಾರೂ ಇಲ್ಲ." ನಾನು ಆ ಮಾತನ್ನು ಅಪ್ಪನಿಗೂ ಹೇಳಿದೆ, ಕಾಕಾನಿಗೂ ಹೇಳಿದೆ.

ಆಕೆ ಹೋದ ಸುದ್ದಿ ಬಂದು ನಾನು ಊರು ಮುಟ್ಟುವ ಹೊತ್ತಿಗೆ ಕಳ್ಳಿಬೇಲಿಯ ಒಳಗೆ ಕುಣಿ ತೋಡಿ ಆಗಿತ್ತು. ಎಷ್ಟೋ ವರ್ಷ ಆಕೆಯ ಜೊತೆ ಮಾತಾಡದಿದ್ದ ಬಸಣ್ಣ ಕಾಕಾ ಆಕೆಯ ಪಾದದ ಹತ್ತಿರ ಕುಳಿತು ಮಗುವಿನಂತೆ ಅಳುತ್ತಿದ್ದ. ನಾನು ಆಕೆಯ ಮಾತು ನೆನಪಿಸಿದೆ. "ಗೊತ್ತೈತಿ ಸಂಗೀ," ಎಂದ. "ಆದ್ರ ನಮ್ಮಕ್ಕನ್ನ ದಿಕ್ಕಿಲ್ಲದವರ ನಡುವ ಹೆಂಗ ಬಿಡ್ಲಿ? ನಮ್ಮವ್ವನ ಬಾಜು ಇಡ್ತೀನಿ. ಇದೊಂದು ನನಗ ಬಿಡು." ಅದು ಬರೀ ಮರ್ಯಾದೆಯ ಮಾತಾಗಿದ್ದರೆ ಜಗಳವಾಡುತ್ತಿದ್ದೆನೇನೋ. ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆಕೆಯನ್ನು ನಮ್ಮ ಹಿರಿಯರ ನಡುವೆ ಕೂರಿಸಿ ಮಣ್ಣು ಕೊಟ್ಟರು. ತಲೆ ಎತ್ತಿ ನೋಡಿದರೆ ಬೇಲಿಯ ಹೊರಗೆ ಜನವೋ ಜನ. ಕ್ಯಾಂಪಿನವರು, ಮುಲ್ಲಾರ ಮನೆಯವರು, ಕೇರಿಯ ಹೆಂಗಸರು, ಕೋಲು ಊರಿಕೊಂಡ ಮುದುಕ ಹುಲಿಗೆಪ್ಪ, ನಾನು ಗುರುತು ಹಿಡಿಯದ ಎಷ್ಟೋ ಮಂದಿ. ಅದು ನಮ್ಮವರ ಜಾಗ. ಬರಬೇಡಿರೆಂದು ಯಾರೂ ಅನ್ನಲಿಲ್ಲ, ಬನ್ನಿರೆಂದೂ ಯಾರೂ ಅನ್ನಲಿಲ್ಲ. ಅವರು ಒಳಗೆ ಬರಲಿಲ್ಲ.

ರಮಣಮ್ಮ ಬಂದಾಗ ಎಲ್ಲರೂ ಚದುರಿದ್ದರು. ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಬಂದಿದ್ದಳು, ತಲೆ ಪೂರ್ತಿ ನೆರೆತಿತ್ತು. ನಾನು ಕೈ ಹಿಡಿದು ಬೇಲಿಯ ಒಳಗೆ ಕರೆದುಕೊಂಡು ಹೋದೆ. ಹಸಿಮಣ್ಣಿನ ಮೇಲೆ ಅಂಗೈ ಊರಿ ಕುಳಿತಳು. "ನೀಲಕ್ಕ ಇಲ್ಲಿ," ಎಂದು ಮಸಾರಿ ಹೊಲದ ದಿಕ್ಕಿಗೆ ತಿರುಗಿದಳು. "ಅಲ್ಲಿ ಇನ್ನ ಯಾರದಾರಮ್ಮಾ?" ಇಬ್ಬರೂ ಬೇವಿನಮರದವರೆಗೆ ನಡೆದುಹೋಗಿ, ಕೊನೆಯ ಬಸ್ಸಿನವರೆಗೆ ಅಲ್ಲೇ ಕುಳಿತೆವು. ಆಮೇಲೆ ಆಕೆ ಮತ್ತೆ ಬರಲಿಲ್ಲ. ಈಗ ಇದ್ದಾಳೋ ಇಲ್ಲವೋ ತಿಳಿಯದು.

ಈಗ ನಮ್ಮೂರು ನಿಮಗೆ ಗುರುತು ಸಿಗುವುದಿಲ್ಲ, ನನಗೇ ಸಿಗುವುದಿಲ್ಲ. ಕ್ಯಾಂಪು ಊರಿಗಿಂತ ದೊಡ್ಡದಾಗಿದೆ. ನಮ್ಮ ಓಣಿಯ ಹುಡುಗರು ಗಿಣಿಗೇರಿಯ ಕಾರ್ಖಾನೆಗಳಿಗೆ ಹೋಗುತ್ತಾರೆ. ಅಕ್ಕಿ ಗಿರಣಿಗಳಲ್ಲಿ ದುಡಿಯಲು ಬಿಹಾರದಿಂದ, ಒಡಿಶಾದಿಂದ ಜನ ಬಂದಿದ್ದಾರೆ. ನಮ್ಮ ಮಾಳಿಗೆಮನೆ ಕೆಡವಿ ಕಾಕಾನ ಮಕ್ಕಳು ಬಾಡಿಗೆಯ ಖೋಲಿಗಳನ್ನು ಕಟ್ಟಿಸಿದ್ದಾರೆ. ಮಸಾರಿ ಹೊಲ ಮಾರಾಟವಾಗಿ ಪ್ಲಾಟುಗಳಾಗಿದೆ. ಬೇವಿನಮರ ಕಡಿದಿದ್ದಾರೆ.

ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಮರವಿದ್ದ ಜಾಗವನ್ನು ಅಂದಾಜಿನಲ್ಲಿ ಹುಡುಕಿಕೊಂಡು ಹೋದರೆ ಅಲ್ಲೊಂದು ತಗಡಿನ ಮನೆ. ಬಾಗಿಲಲ್ಲಿ ಹಳೆಯ ಸೀರೆಯ ಜೋಳಿಗೆ ಕಟ್ಟಿ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಕೂಸನ್ನು ತೂಗುತ್ತಿದ್ದಳು. ನನ್ನನ್ನು ಕಂಡು ನಕ್ಕು, ತುಟಿಯ ಮೇಲೆ ಬೆರಳಿಟ್ಟು, ಮತ್ತೆ ಹಾಡತೊಡಗಿದಳು. ಯಾವ ಸೀಮೆಯ ಮಾತೋ, ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಕೂಸು ನಿದ್ದೆಹೋಗುವವರೆಗೆ ಅಲ್ಲೇ ನಿಂತಿದ್ದು, ಸದ್ದಾಗದ ಹಾಗೆ ಹೆಜ್ಜೆ ಇಡುತ್ತ ಬಸ್ಸಿನ ದಾರಿ ಹಿಡಿದೆ.